ಮೋಟರ್ ಸತ್ತಿರಲಿಲ್ಲ, ರಸೀದಿ ತಲುಪುತ್ತಿರಲಿಲ್ಲ

ವಾಣಿಜ್ಯ ವಿಭಾಗದ ಹುಡುಗಿಗೆ ಮಿಷಿನ್ನಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಚಾಚಾ ಪೀಣ್ಯದ ಒಂದು ಬಾಡಿಗೆ ಶೆಡ್ಡಿನಲ್ಲಿ ಸಣ್ಣ ಸಿಎನ್‌ಸಿ ಮಿಲ್ಲಿಂಗ್ ಮಿಷಿನ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುತ್ತಾರೆ. ರಜೆಯ ದಿನಗಳಲ್ಲಿ ನಾನು ಅಲ್ಲಿ ಕೂತು ಬಿಲ್ಲು, ಜಿಎಸ್‌ಟಿ, ಬ್ಯಾಂಕಿನ ಲೆಕ್ಕ ಬರೆಯುತ್ತೇನೆ. ದಸರಾ ರಜೆಯಲ್ಲಿ ಆ ಮಿಷಿನ್ ಕೆಲಸದ ನಡುವೆ ಗಕ್ಕನೆ ನಿಲ್ಲತೊಡಗಿತು. ಪರದೆಯ ಮೇಲೆ ಕೆಂಪು ಅಕ್ಷರ: X ಅಕ್ಷದ ಎನ್‌ಕೋಡರ್ ದೋಷ. ರೀಸೆಟ್ ಮಾಡಿದರೆ ಓಡುತ್ತದೆ, ಅರ್ಧ ಗಂಟೆಗೆ ಮತ್ತೆ ನಿಲ್ಲುತ್ತದೆ.

ಚಾಚಾ ರಿಪೇರಿಯವರೊಬ್ಬರಿಗೆ ಫೋನ್ ಮಾಡಿದರು. ಅವರು ಅಲಾರಂ ಕೇಳಿಸಿಕೊಂಡು, ಎನ್‌ಕೋಡರ್ ಮೋಟರಿನ ಬೆನ್ನಿಗೇ ಇರುತ್ತದೆ, ಮೋಟರ್ ಬದಲಿಸಿಬಿಡಿ ಎಂದರು. ಬೆಲೆ ಕೇಳಿದ ಮೇಲೆ ಚಾಚಾ ಫೋನ್ ಇಟ್ಟು "ಮೋಟರ್ ಗಯಾ ಬೇಟಿ" ಎಂದು ಸುಮ್ಮನೆ ಕುಳಿತರು. ಆ ಬೆಲೆ ಮಿಷಿನ್ನಿನ ಸಾಲದ ತಿಂಗಳ ಕಂತಿಗಿಂತ ಹೆಚ್ಚು. ಖಾತೆಯಲ್ಲಿ ಎಷ್ಟಿದೆ ಎಂದು ನನಗೆ ಗೊತ್ತಿತ್ತು. ಮೋಟರ್ ತಂದರೆ ಕಂತು ಇಲ್ಲ, ಕಂತು ಕಟ್ಟಿದರೆ ಇಬ್ಬರ ಸಂಬಳ ಇಲ್ಲ. ಅಲ್ಯೂಮಿನಿಯಂ ಬ್ರಾಕೆಟ್‌ಗಳ ಆರ್ಡರ್ ಬೇರೆ ಅರ್ಧಕ್ಕೆ ನಿಂತಿತ್ತು.

ಹಾಗಾಗಿ ಆ ವಾರ ಸರ್ವೋ ಮೋಟರ್ ಎಂದರೇನು ಎಂದು ಕಲಿಯಬೇಕಾಯಿತು. ಆಪರೇಟರ್ ಅಣ್ಣ ಕಲಿಸಿದರು, ನಾನು ನನಗೆ ಗೊತ್ತಿರುವ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ.

ನಮ್ಮ ಮನೆಯ ಮಿಕ್ಸಿಯ ಮೋಟರಿಗೆ ತಾನು ಎಷ್ಟು ಸುತ್ತು ತಿರುಗಿದೆನೆಂದು ಗೊತ್ತಿಲ್ಲ. ಸರ್ವೋ ಮೋಟರಿಗೆ ಗೊತ್ತು. ಅದರ ಹಿಂಬದಿಯಲ್ಲಿರುವ ಎನ್‌ಕೋಡರ್ ಪ್ರತಿ ಸಣ್ಣ ತಿರುವನ್ನೂ ಎಣಿಸಿ ವಾಪಸ್ ವರದಿ ಕಳಿಸುತ್ತದೆ. ಮೋಟರ್ ಒಂದು ಸುತ್ತು ತಿರುಗಿದರೆ ಬಾಲ್ ಸ್ಕ್ರೂ ಮೇಜನ್ನು 10 ಮಿ.ಮೀ. ಸರಿಸುತ್ತದೆ ಎನ್ನೋಣ. ಸುತ್ತಿಗೆ 10,000 ಎಣಿಕೆ ಇದ್ದರೆ ಒಂದು ಎಣಿಕೆ ಎಂದರೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಇನ್ನು ಕಂಟ್ರೋಲ್ ಮಾಡುವ ಕೆಲಸ ನಮ್ಮ ಖಾತೆ ಪುಸ್ತಕದ್ದೇ. "ಇಷ್ಟು ದೂರ ಹೋಗು" ಎಂಬ ಆಜ್ಞೆ ಖರ್ಚಿನ ಬದಿಗೆ ಬೀಳುತ್ತದೆ. ಎನ್‌ಕೋಡರ್ ಕಳಿಸಿದ ಎಣಿಕೆ ಜಮಾ ಬದಿಗೆ. ಎರಡರ ವ್ಯತ್ಯಾಸ ಬಾಕಿ. ಬಾಕಿ ಹೆಚ್ಚಿದ್ದಷ್ಟೂ ಮೋಟರ್ ಜೋರಾಗಿ ಓಡಿ ತೀರಿಸಲು ನೋಡುತ್ತದೆ. ಓಡುವಾಗ ಸ್ವಲ್ಪ ಬಾಕಿ ಇದ್ದೇ ಇರುತ್ತದೆ, ಅದು ತಪ್ಪಲ್ಲ. ನಿಮಿಷಕ್ಕೆ 1800 ಮಿ.ಮೀ. ಫೀಡು ಎಂದರೆ ಸೆಕೆಂಡಿಗೆ 30 ಮಿ.ಮೀ. ಗೇನ್ ಸೆಕೆಂಡಿಗೆ 30 ಎಂದು ಇಟ್ಟಿದ್ದರೆ 30 ಭಾಗಿಸು 30, ಬಾಕಿ 1 ಮಿ.ಮೀ. ನಿಂತಾಗ ಅದು ಸೊನ್ನೆಯ ಹತ್ತಿರ ಬರಬೇಕು. ಗೊತ್ತುಪಡಿಸಿದ ಮಿತಿ ದಾಟಿದರೆ ಕಂಟ್ರೋಲ್ ಸಾಲ ಕೊಡುವುದನ್ನು ನಿಲ್ಲಿಸಿ ಅಲಾರಂ ಹಾಕುತ್ತದೆ. ಲೆಕ್ಕಶಾಸ್ತ್ರ ಓದುವವರಿಗೆ ಇದರಲ್ಲಿ ಹೊಸದೇನಿದೆ ಹೇಳಿ!

ಬಾಕಿ ಮಿತಿ ದಾಟಿತು ಎಂಬ ಅಲಾರಂ ಬಂದರೆ ಮೋಟರಿಗೆ ತಿರುಗಲು ಆಗುತ್ತಿಲ್ಲ ಎಂದರ್ಥ. ಸ್ಲೈಡಿಗೆ ಎಣ್ಣೆ ಹೋಗುತ್ತಿಲ್ಲವೋ, ಕವರಿನೊಳಗೆ ಚಿಪ್ಸ್ ಸಿಕ್ಕಿಕೊಂಡಿದೆಯೋ, ಮೂರು ಫೇಸಿನಲ್ಲಿ ಒಂದು ವೈರ್ ಕಿತ್ತಿದೆಯೋ ನೋಡಬೇಕು. ಓವರ್‌ಲೋಡ್ ಅಥವಾ ಬಿಸಿಯ ಅಲಾರಂ ಆದರೆ ಮಿಷಿನ್ ತಣ್ಣಗಾದ ಮೇಲೆ ಕೆಲ ಹೊತ್ತು ಸರಿ ಇದ್ದು ಮತ್ತೆ ಬರುತ್ತದೆ. ಎನ್‌ಕೋಡರ್ ಅಲಾರಂ ಬೇರೆಯೇ ಜಾತಿ. ಗಿರಾಕಿ ದುಡ್ಡು ಕಟ್ಟಿರಬಹುದು, ರಸೀದಿ ಮಾತ್ರ ನಮಗೆ ತಲುಪಿಲ್ಲ. ತಪ್ಪು ಗಿರಾಕಿಯದೋ ಅಂಚೆಯದೋ ಎಂದು ನೋಡದೆ ಗಿರಾಕಿಯನ್ನೇ ಬದಲಿಸಿ ಎಂದು ಫೋನಿನಲ್ಲಿ ಹೇಳಿದ್ದರು.

ನಾನು ಮಾಡಿದ ಕೆಲಸ ಒಂದೇ. ಹಳೆಯ ರಫ್ ಪುಸ್ತಕದಲ್ಲಿ ಗೆರೆ ಎಳೆದು ಕಾಲಂ ಹಾಕಿದೆ: ಹೊತ್ತು, X ಎಷ್ಟರಲ್ಲಿತ್ತು, ಕಟಿಂಗ್ ನಡೆದಿತ್ತೋ ಖಾಲಿ ಓಡುತ್ತಿತ್ತೋ, ಮೋಟರ್ ಕೈಗೆ ಬಿಸಿಯೋ. ಅಲಾರಂ ಬಂದ ಕೂಡಲೇ ರೀಸೆಟ್ ಒತ್ತದೆ ಮೊದಲು ಬರೆಯಿರಿ ಎಂದು ಆಪರೇಟರ್ ಅಣ್ಣನಿಗೆ ಹೇಳಿದೆ. "ಇದೇನಮ್ಮಾ, ಮಿಷಿನ್ನಿಗೂ ಹಾಜರಿ ಪುಸ್ತಕವಾ?" ಎಂದು ನಕ್ಕರು, ಆದರೆ ಬರೆದರು. ಎರಡು ದಿನದಲ್ಲಿ ಹನ್ನೊಂದು ಸಾಲು ತುಂಬಿತು. ಬೆಳಗ್ಗೆ ತಣ್ಣಗಿದ್ದಾಗಲೂ ಬಂದಿತ್ತು, ಖಾಲಿ ಓಡುವಾಗಲೂ ಬಂದಿತ್ತು. ಆದರೆ X ಕಾಲಂ ನೋಡಿ ನಾನು ಪೆನ್ನು ಕೆಳಗಿಟ್ಟೆ. ಹನ್ನೊಂದರಲ್ಲಿ ಒಂಬತ್ತು ಸಲ ಮೇಜು 310ರಿಂದ 340 ಮಿ.ಮೀ. ಒಳಗೇ ನಿಂತಿತ್ತು. ಉಳಿದ ಎರಡು ಸಲ ಮೇಜನ್ನು ಸರಿಸಿದ ಮೇಲೆ ನೆನಪಿನಿಂದ ಬರೆದದ್ದು ಎಂದು ಅಣ್ಣ ಒಪ್ಪಿಕೊಂಡರು.

ಎನ್‌ಕೋಡರ್ ತಾನೇ ಕೆಟ್ಟಿದ್ದರೆ ಅದಕ್ಕೆ 310 ಆದರೇನು 110 ಆದರೇನು? ಸುತ್ತು ಸುತ್ತೇ. ಜಾಗ ನೋಡಿ ಕೆಡುವ ವಸ್ತುಗಳು ಎರಡು: ಬಾಲ್ ಸ್ಕ್ರೂ, ಮತ್ತು ಮೇಜಿನ ಜೊತೆ ಓಡಾಡುವ ಕೇಬಲ್. ಕೇಬಲ್ ಒಂದು ಪ್ಲಾಸ್ಟಿಕ್ ಚೈನಿನೊಳಗೆ ಮಡಚಿಕೊಂಡು ಹೋಗಿಬರುತ್ತದೆ. ಮೇಜು ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಕೇಬಲ್ಲಿನ ಒಂದು ನಿರ್ದಿಷ್ಟ ತುಂಡೇ ಆ ಮಡಿಕೆಯಲ್ಲಿ ಬಗ್ಗಿರುತ್ತದೆ. ಒಳಗಿನ ತಂತಿ ಅಲ್ಲೇ ಮುರಿದಿದ್ದರೆ ನೇರ ಇರುವಾಗ ಎರಡು ತುದಿ ಮುಟ್ಟಿಕೊಂಡಿರುತ್ತವೆ, ಬಗ್ಗಿದಾಗ ಬಿಟ್ಟುಕೊಳ್ಳುತ್ತವೆ.

ಮುಂದಿನದು ಚಾಚಾ ಮತ್ತು ಅಣ್ಣನ ಕೆಲಸ. ನಾನು ದೂರ ನಿಂತಿದ್ದೆ, ನೀವೂ ಹಾಗೇ ನಿಲ್ಲಿ. ಮೇನ್ ಸ್ವಿಚ್ ಆರಿಸಿದ ಮೇಲೂ ಡ್ರೈವ್ ಒಳಗಿನ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಚಾರ್ಜ್ ದೀಪ ಆರಿ, ಡ್ರೈವ್ ಮೇಲೆ ಬರೆದಿರುವಷ್ಟು ನಿಮಿಷ ಕಾದು, ಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಬೇಕು. Z ಅಕ್ಷದ ಮೋಟರನ್ನಂತೂ, ತಲೆಯ ಕೆಳಗೆ ಮರದ ದಿಮ್ಮಿ ಕೊಡದೆ ಬಿಚ್ಚಲೇಬಾರದು. ತಲೆಯನ್ನು ಹಿಡಿದಿರುವ ಬ್ರೇಕ್ ಆ ಮೋಟರಿನೊಳಗೇ ಇರುತ್ತದೆ, ಮೋಟರ್ ಈಚೆ ಬಂದರೆ ತಲೆ ಕೆಳಗೆ ಬರುತ್ತದೆ. ನಮ್ಮದು ಅಡ್ಡ ಓಡುವ X ಆದ್ದರಿಂದ ಆ ಭಯ ಇರಲಿಲ್ಲ.

ಪವರ್ ಆರಿಸಿ ಸ್ಕ್ರೂವನ್ನು ಕೈಯಲ್ಲಿ ಈ ತುದಿಯಿಂದ ಆ ತುದಿಗೆ ತಿರುಗಿಸಿದರು. 310ರ ಹತ್ತಿರವೂ ಬಿಗಿ ಇಲ್ಲ, ಸದ್ದಿಲ್ಲ. ಮೋಟರಿನ ಪವರ್ ಕೇಬಲ್ ಡ್ರೈವಿನಿಂದ ಬಿಚ್ಚಿ ಮೂರು ಫೇಸುಗಳ ನಡುವಿನ ರೆಸಿಸ್ಟೆನ್ಸ್ ನೋಡಿದರು, ಮೂರೂ ಸಮ. ಪಕ್ಕದ ಶೆಡ್ಡಿನಿಂದ 500 ವೋಲ್ಟಿನ ಮೆಗ್ಗರ್ ತಂದು ಫೇಸಿಗೂ ಅರ್ತಿಗೂ ನಡುವೆ ಅಳೆದರು, 100 ಮೆಗಾಓಮ್ ದಾಟಿತ್ತು. ಒಂದಕ್ಕಿಂತ ಕೆಳಗೆ ಬಂದಿದ್ದರೆ ಮೋಟರ್ ಆಸೆ ಬಿಡಬೇಕಿತ್ತಂತೆ. ಡ್ರೈವಿಗೆ ಕೇಬಲ್ ಜೋಡಿಸಿಟ್ಟುಕೊಂಡು ಮೆಗ್ಗರ್ ಹಾಕಿದರೆ ಡ್ರೈವ್ ಸುಡುತ್ತದೆ, ಎನ್‌ಕೋಡರಿನ ಪಿನ್ನುಗಳಿಗಂತೂ ಮುಟ್ಟಿಸಲೇಬಾರದು ಎಂದು ಅಣ್ಣ ಎರಡು ಸಲ ಹೇಳಿದರು. ಎರಡು ಸಲ ಹೇಳಿದ್ದರಿಂದ, ಯಾವಾಗಲೋ ಎಲ್ಲೋ ಒಂದನ್ನು ಅವರೇ ಸುಟ್ಟಿರಬೇಕು ಅನ್ನಿಸಿತು.

ಆಮೇಲೆ ಮತ್ತೆ ಎಲ್ಲ ಜೋಡಿಸಿ, ಎಮರ್ಜೆನ್ಸಿ ಸ್ಟಾಪ್ ಒತ್ತಿಟ್ಟು ಕಂಟ್ರೋಲ್ ಮಾತ್ರ ಆನ್ ಮಾಡಿದರು. ಮೋಟರಿಗೆ ಶಕ್ತಿ ಇಲ್ಲ, ಆದರೆ ಎನ್‌ಕೋಡರ್ ಮಾತಾಡುತ್ತಲೇ ಇರುತ್ತದೆ. ಒಣ ಮರದ ಕೋಲಿನಿಂದ ಚೈನಿನ ಮಡಿಕೆಯನ್ನು ಮೆಲ್ಲಗೆ ಒತ್ತುತ್ತ ಹೋದರು. ಒಂದು ಕಡೆ ಒತ್ತಿದಾಗ ಪರದೆಯ ಮೇಲೆ ಅದೇ ಕೆಂಪು ಅಕ್ಷರ!

ಚಾಚಾ ಅಷ್ಟಕ್ಕೆ ನಂಬುವವರಲ್ಲ. ಪಕ್ಕದ ಶೆಡ್ಡಿನವರ ಬಳಿ ಅದೇ ಮಾದರಿಯ ಎನ್‌ಕೋಡರ್ ಕೇಬಲ್ ಒಂದು ಹೆಚ್ಚಿಗೆ ಇತ್ತು. ಅದನ್ನು ಸಾಲ ತಂದು, ಚೈನಿನ ಹೊರಗೇ ಸಡಿಲವಾಗಿ ಎಳೆದು, ಮೇಜನ್ನು ನಿಧಾನವಾಗಿ ಇಪ್ಪತ್ತು ಸಲ ಆಚೆ ಈಚೆ ಓಡಿಸಿದರು. ಒಮ್ಮೆಯೂ ನಿಲ್ಲಲಿಲ್ಲ. ಮರುದಿನ ಹೊಸ ಕೇಬಲ್ ತಂದು ಚೈನಿನಲ್ಲಿ ಹಾಕಿದರು. ಹಳೆಯದನ್ನು ಸೀಳಿದಾಗ ಒಂದು ತಂತಿ ಹಸಿರುಗಟ್ಟಿ ತುಂಡಾಗಿತ್ತು, ಹೊರಗಿನ ಕವಚ ಸವೆದು ಕೂಲೆಂಟ್ ಒಳಗಿಳಿದಿತ್ತು. ಯಾರೋ ಹಿಂದೆ ಗಾಳಿಯ ಪೈಪನ್ನೂ ಅದೇ ಚೈನಿನಲ್ಲಿ ತುರುಕಿದ್ದರು, ಅದು ಕೇಬಲ್ಲನ್ನು ಉಜ್ಜಿ ಉಜ್ಜಿ ತಿಂದಿತ್ತು.

ಒಂದು ತಪ್ಪು ನಮ್ಮಿಂದಲೂ ಆಯಿತು. ಎನ್‌ಕೋಡರ್ ಕೇಬಲ್ ಬಿಚ್ಚಿದಾಗ ಅದಕ್ಕೆ ಬರುವ ಬ್ಯಾಟರಿಯೂ ಕಡಿದುಹೋಗಿ, ಮಿಷಿನ್ ತನ್ನ X ಸೊನ್ನೆಯನ್ನು ಮರೆತಿತ್ತು. ಹೋಂ ಮತ್ತೆ ಇಟ್ಟರು, ಜಾಬಿನ ಸೊನ್ನೆ ಮತ್ತೆ ಹಿಡಿಯುವುದನ್ನು ಅವಸರದಲ್ಲಿ ಬಿಟ್ಟರು. ಮೊದಲ ಬ್ರಾಕೆಟ್‌ನಲ್ಲಿ ತೂತುಗಳ ಸಾಲು ಎರಡು ಮಿ.ಮೀ. ಜರುಗಿ ಬಂತು. ಅದು ಈಗ ನನ್ನ ಮೇಜಿನ ಮೇಲೆ ಪೇಪರ್ ಹಾರದಂತೆ ಕೂತಿದೆ.

ಬ್ರಾಕೆಟ್‌ಗಳು ಎರಡು ದಿನ ತಡವಾಗಿ ಹೋದವು, ಕಂತು ಸರಿಯಾದ ದಿನಕ್ಕೇ ಹೋಯಿತು. ಕೇಬಲ್ಲಿನ ಬಿಲ್ಲನ್ನು ದುರಸ್ತಿ ಮತ್ತು ನಿರ್ವಹಣೆ ಖರ್ಚಿಗೆ ಬರೆದೆ. ರಫ್ ಪುಸ್ತಕವನ್ನು ಚಾಚಾ ನನಗೆ ವಾಪಸ್ ಕೊಡಲಿಲ್ಲ, ದಾರ ಕಟ್ಟಿ ಮಿಷಿನ್ನಿನ ಪಕ್ಕ ನೇತುಹಾಕಿದ್ದಾರೆ. ಕಳೆದ ಭಾನುವಾರ ನೋಡಿದಾಗ ಹನ್ನೆರಡನೆಯ ಸಾಲು ಬಂದಿತ್ತು, ಅಣ್ಣನ ಕೈಬರಹ: "ಬ್ಯಾಟರಿ ಕಡಿಮೆ ಎಂದು ತೋರಿಸಿತು. ಪವರ್ ಆನ್ ಇಟ್ಟುಕೊಂಡೇ ಬದಲಿಸಿದೆ. ಸೊನ್ನೆ ಹೋಗಿಲ್ಲ."