ಕೆಟ್ಟು ನಿಂತಾಗಲೇ ಕೇಳಬೇಕು

ನಾಂಪಲ್ಲಿ, ಹೈದರಾಬಾದ್
ವೈಶಾಖ ಮಾಸ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಕಲಬುರಗಿಯ ಬಿಸಿಲು ಈ ವರ್ಷ ಜೋರೆಂದು ಕೇಳಿದೆ. ಮಧ್ಯಾಹ್ನ ಹೊರಗೆ ಓಡಾಡಬೇಡ, ಮಜ್ಜಿಗೆ ಮರೆಯಬೇಡ.

ನಿನ್ನ ಕಾಗದ ಎರಡು ಸಲ ಓದಿದೆ. ಅಪ್ಪ ನಿನಗೆ ಕೊಟ್ಟ 1999ರ ಮಾರುತಿ 800 ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದು ಬರುತ್ತದೆ. ಹುಮನಾಬಾದ್ ರಸ್ತೆಯಲ್ಲಿ ಚಹಕ್ಕೆಂದು ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಒಮ್ಮೊಮ್ಮೆ ಸಿಗ್ನಲ್ಲಿನಲ್ಲೂ ಬಂದ್ ಬೀಳುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಗಡಿಯಾರದಂತೆ ಓಡುತ್ತದೆ. ಹೊಸ ಬ್ಯಾಟರಿ ಹಾಕಿದ್ದಾಯಿತು, ಪ್ಲಗ್ಗು ಬದಲಿಸಿದ್ದಾಯಿತು, ಸೆಲ್ಫ್ ಬಿಚ್ಚಿ ಕಟ್ಟಿದ್ದಾಯಿತು. ಈಗ ಕಾರ್ಬೊರೇಟರೇ ಬದಲಿಸಬೇಕು ಎನ್ನುತ್ತಿದ್ದಾರೆ. ತಡೆ ಮಗಳೇ, ಆ ದುಡ್ಡು ಸದ್ಯ ನಿನ್ನ ಪರ್ಸಿನಲ್ಲೇ ಇರಲಿ.

ನಮ್ಮ ಊರಿನ ಒಂದು ಸಂಗತಿ ಹೇಳುತ್ತೇನೆ. ಬಿಟ್ಟು ಬಿಟ್ಟು ಬರುವ ಮಲೇರಿಯಾ ಜ್ವರಕ್ಕೆ ಸೊಳ್ಳೆಯೇ ದಾರಿ ಎಂಬುದರ ಗುರುತನ್ನು ರೊನಾಲ್ಡ್ ರಾಸ್ ಹಿಡಿದದ್ದು 1897ರ ಆಗಸ್ಟ್ 20ರಂದು, ಇಲ್ಲೇ ಸಿಕಂದರಾಬಾದಿನಲ್ಲಿ. ಆ ಜ್ವರದ ರೋಗಿ ಬಂದರೆ ವೈದ್ಯರು ಮೊದಲು ಕೇಳುವುದು ಜ್ವರ ಯಾವ ಹೊತ್ತಿಗೆ ಏರುತ್ತದೆ, ಎಷ್ಟು ದಿನಕ್ಕೊಮ್ಮೆ ಎಂದು. ಹಿಂದೆ ರಕ್ತ ತೆಗೆಯುತ್ತಿದ್ದುದೂ ಹೆಚ್ಚಾಗಿ ಜ್ವರ ಏರಿದಾಗಲೇ. ನಿನ್ನ ಗಾಡಿಯದೂ ಬಿಟ್ಟು ಬರುವ ಕಾಯಿಲೆ. ಆರೋಗ್ಯವಾಗಿದ್ದಾಗ ಅದನ್ನು ಬಿಚ್ಚಿ ನೋಡಿ ಫಲವಿಲ್ಲ. ಕೆಟ್ಟು ನಿಂತ ಆ ಹತ್ತು ನಿಮಿಷವೇ ನಮಗೆ ಸಿಗುವ ಸಾಕ್ಷಿ. ನೀನೋ ಆ ಹತ್ತು ನಿಮಿಷ ಮರದಡಿ ಕೂತು ಅಪ್ಪನಿಗೆ ಫೋನ್ ಮಾಡುತ್ತೀ!

ನಾನು ಸಾರಿಗೆ ಡಿಪೋದಲ್ಲಿ ದುಡಿದವನು. 1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳಿಂದ ಶುರು ಮಾಡಿದ ಸಾರಿಗೆ ನನ್ನ ಕಾಲಕ್ಕೆ ಸಾವಿರಾರು ಬಸ್ಸುಗಳದಾಗಿತ್ತು. ರಾತ್ರಿ ಬಸ್ಸು ಒಳಬಂದಾಗ ಡ್ರೈವರ್ ಲಾಗ್ ಶೀಟಿನಲ್ಲಿ ದೂರು ಬರೆಯುತ್ತಿದ್ದ. ‘ಗಾಡಿ ಬಂದ್ ಬೀಳುತ್ತದೆ’ ಎಂದಷ್ಟೇ ಬರೆದರೆ ನಮಗೆ ಕೆಲಸಕ್ಕೆ ಬರುತ್ತಿರಲಿಲ್ಲ. ‘ಏರು ಹತ್ತುವಾಗ, ಟ್ಯಾಂಕ್ ಕಾಲು ಭಾಗಕ್ಕೆ ಇಳಿದಾಗ’ ಎಂದು ಬರೆದವನ ಬಸ್ಸು ಬೆಳಗಾಗುವುದರೊಳಗೆ ತಯಾರಾಗುತ್ತಿತ್ತು. ನೀನೂ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಡು. ಕೆಟ್ಟಾಗಲೆಲ್ಲ ಬರೆ: ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಬಿಸಿಲೋ ಮಳೆಯೋ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್, ಒಮ್ಮೆಲೇ ಬಂದ್ ಆಯಿತೋ ಎಳೆದಾಡಿ ಆಯಿತೋ, ಎಷ್ಟು ಹೊತ್ತಿನ ಮೇಲೆ ಮತ್ತೆ ಹಿಡಿಯಿತು. ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ ಅನುಮಾನ ಹೆಚ್ಚಾಗಿ ಕರೆಂಟಿನ ಮೇಲೆ. ಕೆಮ್ಮುತ್ತ, ಎಳೆದಾಡುತ್ತ ನಿಂತರೆ ಪೆಟ್ರೋಲಿನ ಮೇಲೆ.

ಇನ್ನು ನಿಂತಾಗ ಮಾಡಬೇಕಾದ್ದು. ಮೊದಲು ಗಾಡಿಯನ್ನು ರಸ್ತೆ ಬದಿಗೆ ತಳ್ಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಡು. ಸೆಲ್ಫ್ ಹೊಡೆದು ಕಿವಿಗೊಡು. ‘ಟಕ್’ ಎಂದು ಸುಮ್ಮನಾದರೆ ಅದು ಬ್ಯಾಟರಿ, ಟರ್ಮಿನಲ್, ಅರ್ಥ್ ವಯರ್, ಸೆಲ್ಫ್ ಇವುಗಳ ದಾರಿ. ಸೆಲ್ಫ್ ಗರಗರ ತಿರುಗಿಯೂ ಎಂಜಿನ್ ಹಿಡಿಯದಿದ್ದರೆ ಆ ದಾರಿಯೇ ಬೇರೆ. ನಿನ್ನ ಕಾಗದದ ಪ್ರಕಾರ ನಿನ್ನದು ಎರಡನೆಯದು. ಹಾಗಾಗಿ ಬ್ಯಾಟರಿಗೂ ಸೆಲ್ಫಿಗೂ ಸುರಿದ ದುಡ್ಡು ಈ ಕಾಯಿಲೆಗೆ ತಾಗಲೇ ಇಲ್ಲ.

ಕೋಠಿಯ ಗುಜರಾತಿ ಗಲ್ಲಿಯಿಂದ ಒಂದು ಮಲ್ಟಿಮೀಟರ್ ತಂದಿದ್ದೇನೆ, ನಿಮ್ಮೂರ ಕಡೆ ಬರುವವರ ಕೈಲಿ ಕಳಿಸುತ್ತೇನೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು, ಸೆಲ್ಫ್ ಹೊಡೆಯುವಾಗ 10ರ ಹತ್ತಿರ ಇಳಿದರೂ ಅದಕ್ಕಿಂತ ತೀರಾ ಕೆಳಗೆ ಹೋಗಬಾರದು, ಎಂಜಿನ್ ಓಡುವಾಗ ಸುಮಾರು 14ಕ್ಕೆ ಏರಬೇಕು. ಇಷ್ಟು ಸರಿಯಿದ್ದರೆ ಆ ಪುಟ ಮುಚ್ಚು.

ಓಡಿ ಬಿಸಿಯಾದ ಮೇಲೆ ಮಾತ್ರ ಕಾಡುವ ಕಾಯಿಲೆಗೆ ನನ್ನ ಲೆಕ್ಕದಲ್ಲಿ ಮೂವರು ಆರೋಪಿಗಳು.

ಮೊದಲನೆಯದು ಪೆಟ್ರೋಲ್ ಕುದಿಯುವುದು. ಗಾಡಿ ಓಡುವಾಗ ಗಾಳಿ ಬೀಸಿ ಎಂಜಿನ್ ತಕ್ಕಮಟ್ಟಿಗೆ ತಣ್ಣಗಿರುತ್ತದೆ. ನಿಲ್ಲಿಸಿದೊಡನೆ ಗಾಳಿಯೂ ಇಲ್ಲ, ನೀರು ತಿರುಗುವುದೂ ಇಲ್ಲ. ಒಳಗಿನ ಕಾವೆಲ್ಲ ಮೇಲೆದ್ದು ಪಂಪನ್ನೂ ಕಾರ್ಬೊರೇಟರನ್ನೂ ಹಿಡಿಯುತ್ತದೆ. ಪೈಪಿನಲ್ಲಿ ಪೆಟ್ರೋಲ್ ಆವಿಯಾದರೆ ಪಂಪ್ ಎಳೆಯಲಾರದು. ಕಾರ್ಬೊರೇಟರಿನ ಬೌಲಿನಲ್ಲಿ ಕುದಿದು ಒಳಗೆ ಚೆಲ್ಲಿದರೆ ಎಂಜಿನ್ ಪೆಟ್ರೋಲಿನಲ್ಲಿ ಮುಳುಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಮೂಗಿಗೆ ಪೆಟ್ರೋಲ್ ವಾಸನೆ ಗಾಢವಾಗಿ ಬಡಿದರೆ ಮುಳುಗಿದೆ ಎಂದರ್ಥ. ಆಗ ಆಕ್ಸಿಲರೇಟರನ್ನು ಮತ್ತೆ ಮತ್ತೆ ತುಳಿಯದೆ, ಒಂದೇ ಸಲ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆ. ವಾಸನೆಯಿಲ್ಲದಿದ್ದರೆ ಫಿಯೆಟ್ ಮತ್ತು ಅಂಬಾಸಿಡರ್ ಕಾಲದ ಉಪಾಯ: ಪಂಪಿಗೂ ಪೈಪಿಗೂ ಒದ್ದೆ ಬಟ್ಟೆ ಸುತ್ತು. ಡಿಸ್ಟ್ರಿಬ್ಯೂಟರಿಗೆ ಹನಿ ತಾಗದಿರಲಿ, ಬಿಸಿ ಎಂಜಿನ್ ಮೇಲೆ ನೀರು ಸುರಿಯಬೇಡ. ಬಟ್ಟೆ ಸುತ್ತಿದ ಮೇಲೆ ಹಿಡಿದರೆ ಕಳ್ಳ ಸಿಕ್ಕಿದ. ನಿನ್ನ ಗಾಡಿ ಹುಟ್ಟಿದಾಗ ಬಂಕಿನಲ್ಲಿ ಈಗಿನಂತೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಇರಲಿಲ್ಲ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ಒಗ್ಗದೆ ಮೆತ್ತಗಾಗಬಹುದು, ಬಿರಿಯಲೂಬಹುದು. ಒಮ್ಮೆ ಎಲ್ಲ ಪೈಪು ಒತ್ತಿ ನೋಡಿಸು.

ಎರಡನೆಯದು ಇಗ್ನಿಷನ್ ಕಾಯಿಲ್. ಅದರೊಳಗೆ ಕೂದಲಿನಂಥ ತಂತಿಯ ಸುತ್ತುಗಳಿವೆ. ಎಲ್ಲೋ ಒಂದೆಡೆ ಬಿರುಕಿದ್ದರೆ ತಣ್ಣಗಿದ್ದಾಗ ಕೂಡಿಕೊಂಡಿರುತ್ತದೆ, ಕಾದಾಗ ಹಿಗ್ಗಿ ಬಿಡುತ್ತದೆ, ಆರಿದ ಮೇಲೆ ಮತ್ತೆ ಕೂಡುತ್ತದೆ. ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಇದ್ದರೆ ಕಂಡೆನ್ಸರ್, ಎಲೆಕ್ಟ್ರಾನಿಕ್ ಇದ್ದರೆ ಮಾಡ್ಯೂಲ್ ಕೂಡ ಇದೇ ಆಟ ಆಡುತ್ತವೆ. ಪರೀಕ್ಷೆಗೆ ಒಂದು ಹೆಚ್ಚುವರಿ ಪ್ಲಗ್ ಗಾಡಿಯಲ್ಲಿಡು. ನಿಂತಾಗ ಒಂದು ಪ್ಲಗ್ಗಿನ ವಯರ್ ಬಿಡಿಸಿ ಇದಕ್ಕೆ ಸಿಕ್ಕಿಸಿ, ರಬ್ಬರ್ ಹಿಡಿಯ ಪಕ್ಕಡ್‌ನಿಂದ ಎಂಜಿನ್ ಲೋಹಕ್ಕೆ ತಾಗಿಸಿ ಹಿಡಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳು. ಚಟಚಟ ನೀಲಿ ಕಿಡಿ ಬಂದರೆ ಕಾಯಿಲ್ ನಿರಪರಾಧಿ. ಪೇಲವ ಹಳದಿ ಕಿಡಿ ಬಂದರೆ, ಇಲ್ಲವೆ ಏನೂ ಬಾರದಿದ್ದರೆ, ದೋಷ ಕರೆಂಟಿನ ಕಡೆಗೇ. ಆದರೆ ಪೆಟ್ರೋಲ್ ವಾಸನೆ ಇರುವಾಗ ಈ ಪರೀಕ್ಷೆ ಬೇಡವೇ ಬೇಡ. ಇದು ದೊಡ್ಡಪ್ಪನ ಆಣೆ.

ಮೂರನೆಯದು ಯಾರ ಕಣ್ಣಿಗೂ ಬೀಳದ ಟ್ಯಾಂಕಿನ ಮುಚ್ಚಳ. ಪೆಟ್ರೋಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು. ಆ ದಾರಿ ಕಟ್ಟಿದರೆ ಒಳಗೆ ನಿರ್ವಾತವಾಗಿ ಪಂಪ್ ಸೋಲುತ್ತದೆ. ನಿಂತೊಡನೆ ಮುಚ್ಚಳ ತಿರುಗಿಸು. ‘ಸುಯ್’ ಎಂದು ಗಾಳಿ ಒಳನುಗ್ಗಿ, ಗಾಡಿಯೂ ಹಿಡಿದರೆ ಖರ್ಚು ಒಂದು ಮುಚ್ಚಳದ್ದಷ್ಟೇ. ತಳದಲ್ಲಿ ಕಚರಾ ಇದ್ದರೂ ಲಕ್ಷಣ ಹೀಗೇ: ಓಡುವಾಗ ಪೈಪಿನ ಬಾಯಿಗೆ ಬಂದು ಕೂರುತ್ತದೆ, ನಿಂತ ಮೇಲೆ ಕೆಳಗೆ ಇಳಿಯುತ್ತದೆ.

ಸಿಗ್ನಲ್ಲಿನಲ್ಲಿ ಬಂದ್ ಬೀಳುವುದು ಬೇರೆಯೇ ಕಾಯಿಲೆ ಇರಬಹುದು, ಅದನ್ನು ಬೇರೆ ಪುಟದಲ್ಲಿ ಬರೆ. ಜನವರಿ 1ರಿಂದ ಫೆಬ್ರವರಿ 15ರವರೆಗೆ ನಮ್ಮ ನಾಂಪಲ್ಲಿಯಲ್ಲಿ ನುಮಾಯಿಷ್ ಪ್ರದರ್ಶನ ನಡೆಯುತ್ತದಲ್ಲ. ಆಗ ಮೊಜಂಜಾಹಿ ಮಾರ್ಕೆಟ್ಟಿನಿಂದ ಇತ್ತ ಗಾಡಿಗಳು ತೆವಳುವಾಗ ಹಳೆಯ ಕಾರುಗಳ ಐಡ್ಲಿಂಗ್ ಬಣ್ಣ ಬಯಲಾಗುತ್ತದೆ. ಬಿರಿದ ವ್ಯಾಕ್ಯೂಮ್ ಪೈಪು, ಕೊಳೆಯಾದ ಐಡಲ್ ಜೆಟ್ಟು, ಕೈಕೊಟ್ಟ ಸೊಲೆನಾಯ್ಡ್, ಎಸಿ ಹಾಕಿದಾಗ ಆರ್‌ಪಿಎಂ ಏರದಿರುವುದು: ಈ ನಾಲ್ಕನ್ನು ನೋಡಿಸು. ಓಡುವಾಗಲೇ ಬಂದ್ ಬಿದ್ದರೆ ಗಾಬರಿಯಾಗಿ ಕೀ ಹೊರಗೆ ತೆಗೆಯಬೇಡ, ಸ್ಟಿಯರಿಂಗ್ ಲಾಕ್ ಆಗುತ್ತದೆ. ಬ್ರೇಕ್ ಗಟ್ಟಿಯಾಗುತ್ತದೆ, ಒಂದೇ ಸಮ ಜೋರಾಗಿ ಒತ್ತು.

ಕೊನೆಗೆ, ಒಂದು ಸಲಕ್ಕೆ ಒಂದೇ ವಸ್ತು ಬದಲಿಸು. ನಾಲ್ಕು ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಮತ್ತೆ ಕೆಟ್ಟರೆ ಮತ್ತೆ ನಾಲ್ಕಕ್ಕೂ ದುಡ್ಡು. ನಿಮ್ಮೂರ ಮೆಕ್ಯಾನಿಕ್ ಮೇಲೆ ಸಿಟ್ಟಾಗಬೇಡ. ಅವನ ಮುಂದೆ ಗಾಡಿ ಕೆಡಲೇ ಇಲ್ಲ, ಅವನು ಊಹಿಸದೆ ಇನ್ನೇನು ಮಾಡಬೇಕು? ನೋಟ್‌ಬುಕ್ ಅವನ ಕೈಗೆ ಕೊಡು. ಒಳ್ಳೆಯ ಕೆಲಸಗಾರನಾದರೆ ಅದನ್ನು ನೋಡಿಯೇ ಅವನ ಮಾತು ಬದಲಾಗುತ್ತದೆ.

ಮುಂದಿನ ಸಲ ಗಾಡಿ ನಿಂತಾಗ ನನಗೆ ಮೂರೇ ಉತ್ತರ ಬರೆ: ಕಿಡಿ ಇತ್ತೋ, ವಾಸನೆ ಇತ್ತೋ, ಮುಚ್ಚಳ ‘ಸುಯ್’ ಎಂದಿತೋ. ಅಲ್ಲಿಯವರೆಗೆ ಕಾರ್ಬೊರೇಟರ್ ಮುಟ್ಟಿಸಬೇಡ, ಗಾಡಿ ಮಾರುವ ಮಾತೂ ಬೇಡ. ಉತ್ತರ ಸಿಕ್ಕರೂ ಬಗೆಹರಿಯದಿದ್ದರೆ ನಾನೇ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಹತ್ತಿ ಬರುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನೆನಪು ಹೇಳು.

ಇತಿ ನಿನ್ನ ಹಿತ ಬಯಸುವ
ದೊಡ್ಡಪ್ಪ