ತಿಳಿಸುವುದು ಬೇರೆ, ಶಿಫಾರಸು ಮಾಡುವುದು ಬೇರೆ



ಕೆಲವು ವರ್ಷಗಳ ಹಿಂದೆ ಕೊಪ್ಪ ತಾಲ್ಲೂಕಿನ ಒಂದು ಸಂಘದ ಸಭೆಯಲ್ಲಿ ನಾನು ಆನ್‌ಲೈನ್ ಮಾರುಕಟ್ಟೆಯ ಬಗ್ಗೆ ಮಾಹಿತಿ ಕೊಟ್ಟೆ. ತರಬೇತಿಯಲ್ಲಿ ಕೇಳಿ ಬಂದದ್ದನ್ನು ಹೇಳಿದೆ ಅಷ್ಟೆ. ಮೊಬೈಲಿನಲ್ಲಿ ಇಂಥದೊಂದು ಅಂಗಡಿ ಇದೆ, ಉಪ್ಪಿನಕಾಯಿ, ಜೇನುತುಪ್ಪ, ಕಾಳುಮೆಣಸು ಮಾರುವ ಮಹಿಳೆಯರು ಅಲ್ಲಿದ್ದಾರೆ ಅಂದೆ. ಮುಂದಿನ ತಿಂಗಳು ಹೋಗಿ ನಡವಳಿ ಪುಸ್ತಕ ನೋಡಿದರೆ, "ಸಿಸ್ಟರ್ ಅವರ ಸಲಹೆಯಂತೆ ಆನ್‌ಲೈನಿನಲ್ಲಿ ಮಾರಲು ತೀರ್ಮಾನಿಸಲಾಯಿತು" ಎಂದು ಬರೆದಿತ್ತು. ನಾನು ಸಲಹೆ ಕೊಟ್ಟಿರಲಿಲ್ಲ. ಆದರೆ ಅದನ್ನು ತಿದ್ದಿಸಲೂ ಇಲ್ಲ, ಸಹಿ ಹಾಕಿ ಬಂದೆ.

ಅವರು ಒಳಸಾಲದಿಂದ 6,000 ರೂಪಾಯಿ ತೆಗೆದು ಗಾಜಿನ ಬಾಟಲಿ, ಲೇಬಲ್ ತಂದರು. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದರು. ಎಷ್ಟೋ ಬಾಟಲಿ ದಾರಿಯಲ್ಲೇ ಒಡೆದವು. ವಾಪಸ್ ಬಂದ ಮಾಲಿನ ಸಾಗಾಟದ ಖರ್ಚೂ ಅವರ ಲೆಕ್ಕಕ್ಕೇ ಬಿತ್ತು. ಸಾಲ ತೀರಿಸೋಕೆ ಎಂಟು ತಿಂಗಳು ಹಿಡಿಯಿತು. "ಸಿಸ್ಟರೇ, ನೀವೇ ಹೇಳಿದ್ರಲ್ಲ?" ಎಂದು ಒಬ್ಬರು ಕೇಳಿದರು. ಕೋಪದಿಂದಲ್ಲ, ಬೇಜಾರಿನಿಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಅಡಿಕೆ ಧಾರಣೆಯನ್ನೇ ನೋಡಿ. ಪತ್ರಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ದರ ಹಾಕಿರುತ್ತಾರೆ. ಅದನ್ನು ಓದಿ ಹೇಳಿದರೆ ವರದಿ. "ಇವತ್ತೇ ಮಾರಿಬಿಡಿ, ನಾಳೆ ಇಳಿಯುತ್ತೆ" ಅಂದರೆ ಶಿಫಾರಸು. ದರ ಹಾಕಿದ ಪತ್ರಿಕೆಯವರ ಜೊತೆ ಯಾರೂ ಜಗಳಕ್ಕೆ ಹೋಗೋಲ್ಲ. ಮಾರು ಅಂದ ಭಾವನ ಹತ್ತಿರ ಮಾತು ಬಿಟ್ಟವರು ಇದ್ದಾರೆ!

ಆನ್‌ಲೈನ್ ಮಾರುಕಟ್ಟೆಗೂ ಇದೇ ಲೆಕ್ಕ. ಸರ್ಕಾರದ ಜೆಮ್ ತಾಣ 2016ರಲ್ಲಿ ಬಂತು. ಮಹಿಳೆಯರಿಗಾಗಿ ಅಮೆಜಾನ್ 2017ರಲ್ಲಿ 'ಸಹೇಲಿ', ಕುಶಲಕರ್ಮಿಗಳಿಗಾಗಿ ಫ್ಲಿಪ್‌ಕಾರ್ಟ್ 2019ರಲ್ಲಿ 'ಸಮರ್ಥ್' ಶುರು ಮಾಡಿದವು. ಇಷ್ಟು ಹೇಳಿದರೆ ವರದಿ. "ಸೇರಿಕೊಳ್ಳಿ" ಅನ್ನಬೇಕಾದರೆ ಬೇರೆಯೇ ವಿಷಯ ಗೊತ್ತಿರಬೇಕು. ಕಮಿಷನ್ ಎಷ್ಟು? ಮಾಲು ವಾಪಸ್ ಬಂದರೆ ಖರ್ಚು ಯಾರದು? ಹಣ ಖಾತೆಗೆ ಬರೋದು ಎಷ್ಟು ದಿನಕ್ಕೆ? ಕೊರಿಯರ್‌ನವರು ನಮ್ಮ ಊರಿಗೆ ಬರ್ತಾರಾ, ಇಲ್ಲಾ ಶೃಂಗೇರಿ ಪೇಟೆಗೋ ಎನ್.ಆರ್.ಪುರಕ್ಕೋ ನಾವೇ ಹೊತ್ತು ಹೋಗಬೇಕಾ? ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಆಗಿದೆಯಾ? ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋದಾಗ ಆರ್ಡರ್ ನೋಡುವವರು ಯಾರು?

"ನಾನು ಬರೀ ಮಾಹಿತಿ ಕೊಟ್ಟೆ" ಎಂದು ಕೈ ತೊಳೆದುಕೊಳ್ಳೋಕೂ ಆಗೋಲ್ಲ. ಅಂದು ನಾನು ಗೆದ್ದವರ ಕತೆ ಮಾತ್ರ ಹೇಳಿದ್ದೆ. ಸೋತವರ ಬಗ್ಗೆ ತರಬೇತಿಯಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಕಡೆಯ ವರದಿ ಕೇಳುವವರ ಕಿವಿಗೆ ಶಿಫಾರಸಾಗಿಯೇ ಬೀಳುತ್ತೆ. ಅದರಲ್ಲೂ ಹೇಳುವವರು ಸಿಸ್ಟರ್, ಅಧ್ಯಕ್ಷೆ, ಟೀಚರ್ ಆಗಿದ್ದರೆ ಮುಗಿದೇ ಹೋಯ್ತು.

ಕೊಳ್ಳುವ ಕಡೆಗೂ ಇದು ಇದೆ. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೀಶೋ ಮೊದಲ ವರ್ಷಗಳಲ್ಲಿ ಬೆಳೆದದ್ದೇ ಗೃಹಿಣಿಯರಿಂದ. ಸೀರೆಯ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಿ, ತಮ್ಮ ಲಾಭ ಸೇರಿಸಿ ಮಾರುತ್ತಿದ್ದರು. ಅದು ಪ್ರಾಮಾಣಿಕ ದುಡಿಮೆಯೇ. ಆದರೆ "ಸೀರೆ ಚೆನ್ನಾಗಿದೆ" ಅನ್ನುವಾಗ "ನನಗೆ ಇದರಲ್ಲಿ ಲಾಭ ಇದೆ" ಎಂದೂ ಹೇಳಬೇಕಲ್ಲವೇ? 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಜಾಹೀರಾತಿನಲ್ಲಿ ಶಿಫಾರಸು ಮಾಡುವವರಿಗೆ ಇದೇ ನಿಯಮ ತಂದಿತು: ಕಂಪನಿಯ ಜೊತೆ ಸಂಬಂಧ ಇದ್ದರೆ ತಿಳಿಸಬೇಕು. ವಿಚಾರಿಸದೆ ಸುಳ್ಳು ಜಾಹೀರಾತಿಗೆ ಮುಖ ಕೊಟ್ಟವರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ. ಸಂಘದ ಸಭೆಯ ಮಾತಿಗೆ ಯಾರೂ ದಂಡ ಹಾಕೋಕೆ ಬರೋಲ್ಲ. ನಮ್ಮಲ್ಲಿ ಹೋಗೋದು ಪಕ್ಕದ ಮನೆಯವರ ಉಳಿತಾಯ.

ಕೊಂಡ ಮೇಲೆ ಮೋಸ ಅನ್ನಿಸಿದರೆ ಮೊದಲು ಆ ತಾಣದ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದಂತೆ 48 ಗಂಟೆಯೊಳಗೆ ದೂರು ತಲುಪಿದೆ ಎಂದು ಉತ್ತರ ಬರಬೇಕು, ಒಂದು ತಿಂಗಳಲ್ಲಿ ಪರಿಹಾರ ಆಗಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915.

ಆ ಸಂಘದವರು ಈಗ ನಡವಳಿ ಪುಸ್ತಕದಲ್ಲಿ 'ಕೇಳಿದ ಮಾಹಿತಿ' ಒಂದು ಕಡೆ, 'ನಾವು ವಿಚಾರಿಸಿ ಮಾಡಿದ ತೀರ್ಮಾನ' ಇನ್ನೊಂದು ಕಡೆ ಬರೆಯುತ್ತಾರೆ. ಎರಡನೆಯದರಲ್ಲಿ ನನ್ನ ಹೆಸರು ಇರೋದಿಲ್ಲ. ಅವರು ಈಗಲೂ ಉಪ್ಪಿನಕಾಯಿ ಮಾರ್ತಾರೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹೆಚ್ಚಾಗಿ ಸಂತೆಯಲ್ಲೇ.

ಸಭೆಯಲ್ಲಿ ಚರ್ಚಿಸಿ: ಕಳೆದ ವರ್ಷ ನಾವು ಯಾರೋ ಹೇಳಿದರು ಅಂತ ಮಾಡಿದ ಖರ್ಚು ಯಾವುದು? ಅವರು ನಿಜವಾಗಿ ಹೇಳಿದ್ದೇನು?