ಜಾಗ್ವಾರ್ ನಿವೃತ್ತಿಗೆ ಮುನ್ನ: ಹಳೆಯ ಜೆಟ್‌ಗಳ ಫೋಟೊ ತೆಗೆಯುವುದು ಹೇಗೆ?

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಾಯುಪಡೆ ವಿದಾಯ ಹೇಳಿತು. 1963ರಲ್ಲಿ ಸೇವೆಗೆ ಬಂದ ವಿಮಾನ ಅದು. ವಿದಾಯದ ಸುದ್ದಿ ಬಂದ ಮೇಲೆ ಹಲವರು ತಮ್ಮ ಹಳೆಯ ಹಾರ್ಡ್ ಡಿಸ್ಕ್ ಜಾಲಾಡಿದರು. ಸಿಕ್ಕಿದ್ದು ಏನು? ಬೆಳ್ಳಗಿನ ಆಕಾಶ, ನಡುವೆ ಒಂದು ಕರಿ ಚುಕ್ಕೆ. ಅದು ಮಿಗ್ಗೋ ಹದ್ದೋ ಹೇಳುವುದು ಕಷ್ಟ.

ಇನ್ನು ಸರದಿಯಲ್ಲಿರುವುದು ಜಾಗ್ವಾರ್. 1979ರಲ್ಲಿ ನಮ್ಮ ವಾಯುಪಡೆಗೆ ಬಂದು ‘ಶಂಶೇರ್’ ಎಂಬ ಹೆಸರು ಪಡೆದ ಈ ವಿಮಾನಗಳಲ್ಲಿ ಹೆಚ್ಚಿನವನ್ನು ಬೆಂಗಳೂರಿನ ಎಚ್ಎಎಲ್‌ನಲ್ಲೇ ತಯಾರಿಸಲಾಯಿತು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ಅದನ್ನು ಕೈಬಿಟ್ಟವು. ಈಗ ಅದನ್ನು ಹಾರಿಸುತ್ತಿರುವುದು ಭಾರತ ಮಾತ್ರ. 1985ರಲ್ಲಿ ಬಂದ ಮಿರಾಜ್-2000, ಅದರ ಹಿಂದೆಯೇ ಬಂದ ಮಿಗ್-29, ಎಚ್ಎಎಲ್‌ನ ಕಿರಣ್ ತರಬೇತಿ ವಿಮಾನ, ಎಲ್ಲಕ್ಕೂ ವಯಸ್ಸಾಗಿದೆ. ಬೀದರ್‌ನ ಸೂರ್ಯಕಿರಣ ವೈಮಾನಿಕ ಕಸರತ್ತಿನ ತಂಡ 2011ರವರೆಗೆ ಹಾರಿಸುತ್ತಿದ್ದದ್ದು ಈ ಕಿರಣ್ ವಿಮಾನವನ್ನೇ. ಇವುಗಳ ಒಳ್ಳೆಯ ಫೋಟೊ ಬೇಕೆಂದರೆ ವಿದಾಯ ಸಮಾರಂಭಕ್ಕೆ ಕಾಯುತ್ತ ಕೂರಬೇಡಿ. ಅಲ್ಲಿಗೆ ನಿಮಗೂ ನನಗೂ ಆಹ್ವಾನ ಬರುವುದಿಲ್ಲ.

ಹೆಜ್ಜೆ 1: ಬೇಲಿಯ ಹೊರಗೆ ಬೇಡ

ವಾಯುನೆಲೆಯ ಗೋಡೆಯ ಪಕ್ಕ, ಹತ್ತಿರದ ಕಟ್ಟಡದ ತಾರಸಿ, ರನ್‌ವೇ ಕೊನೆಯ ಹೊಲ, ಇವೆಲ್ಲ ನೋಡಲು ಹೇಳಿ ಮಾಡಿಸಿದ ಜಾಗಗಳಂತೆ ಕಾಣುತ್ತವೆ. ಅಲ್ಲಿ ಕ್ಯಾಮೆರಾ ಎತ್ತಬೇಡಿ. ವಾಯುನೆಲೆ ಎಂದರೆ 1923ರ ಅಧಿಕೃತ ರಹಸ್ಯಗಳ ಕಾಯ್ದೆಯ ಪ್ರಕಾರ ನಿಷೇಧಿತ ಸ್ಥಳ. ರಕ್ಷಣಾ ನೆಲೆಗಳಿಗೆ ಸಂಬಂಧಿಸಿದ ಗಂಭೀರ ಪ್ರಕರಣಗಳಲ್ಲಿ 14 ವರ್ಷದವರೆಗೂ ಜೈಲು ಶಿಕ್ಷೆ ವಿಧಿಸಲು ಅದರಲ್ಲಿ ಅವಕಾಶವಿದೆ. ‘ನಾನು ಹವ್ಯಾಸಿ ಸಾರ್’ ಎಂಬ ಮಾತು ಠಾಣೆಯಲ್ಲಿ ಸುಲಭಕ್ಕೆ ನಡೆಯುವುದಿಲ್ಲ. 2001ರಲ್ಲಿ ಗ್ರೀಸ್‌ನ ಕಲಾಮಾಟಾ ವಾಯುನೆಲೆಯಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ 14 ಮಂದಿ ವಿಮಾನಪ್ರಿಯರು ಬೇಹುಗಾರಿಕೆಯ ಆರೋಪದ ಮೇಲೆ ಬಂಧನಕ್ಕೊಳಗಾದರು. ವಾರಗಟ್ಟಲೆ ಜೈಲಿನಲ್ಲಿದ್ದ ಅವರ ಮೇಲಿನ ಆರೋಪ ಪೂರ್ತಿ ತೊಲಗಲು ಒಂದು ವರ್ಷವೇ ಹಿಡಿಯಿತು. ಡ್ರೋನ್ ಹಾರಿಸುವ ಯೋಚನೆಯಂತೂ ಬೇಡವೇ ಬೇಡ.

ಸಾಮಾನ್ಯ ಜನರಿಗೆ ರಾಜಮಾರ್ಗ ಒಂದೇ: ವಾಯುಪಡೆಯೇ ಬಾಗಿಲು ತೆರೆಯುವ ದಿನಗಳು. ಬೆಸ ವರ್ಷಗಳ ಫೆಬ್ರುವರಿಯಲ್ಲಿ ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನ ಇವುಗಳಲ್ಲಿ ಮುಖ್ಯವಾದದ್ದು. ಅಕ್ಟೋಬರ್ 8ರ ವಾಯುಪಡೆ ದಿನದ ಆಸುಪಾಸಿನ ಪ್ರದರ್ಶನಗಳು ಇನ್ನೊಂದು ಅವಕಾಶ. ಎರಡನೆಯದಕ್ಕೆ ಹೋಗುವವರು ನೀರು, ಟೋಪಿ ಮರೆಯಬಾರದು. 2024ರಲ್ಲಿ ಚೆನ್ನೈನ ಮರೀನಾ ಪ್ರದರ್ಶನದಲ್ಲಿ ಬಿಸಿಲು, ನೂಕುನುಗ್ಗಲು ಸೇರಿ ಐವರು ಪ್ರಾಣ ಕಳೆದುಕೊಂಡರು.

ಹೆಜ್ಜೆ 2: ಪಾಸ್ ಓದಿ ಕೊಳ್ಳಿ

ಏರೋ ಇಂಡಿಯಾ ಪಾಸ್‌ಗಳಲ್ಲಿ ಬಗೆಗಳಿವೆ. ಹಾರಾಟ ವೀಕ್ಷಣೆಯ ಜಾಗಕ್ಕೆ ಮಾತ್ರ ಬಿಡುವ ಅಗ್ಗದ ಪಾಸ್ ಒಂದು. ಮಳಿಗೆಗಳು, ನಿಲ್ಲಿಸಿದ ವಿಮಾನಗಳು ಇರುವ ಪ್ರದರ್ಶನ ಪ್ರದೇಶಕ್ಕೂ ಬಿಡುವ ದುಬಾರಿ ಪಾಸ್ ಇನ್ನೊಂದು. ಹಳೆಯ ಜೆಟ್‌ಗಾಗಿ ಹೋಗುವವರು ಎರಡನೆಯದನ್ನೇ ಕೊಳ್ಳಬೇಕು. ಆಕಾಶದಲ್ಲಿ ಮೆರೆಯುವುದು ಹೊಸ ವಿಮಾನಗಳು. ಮುದಿ ವಿಮಾನ ಹೆಚ್ಚಾಗಿ ಸಿಗುವುದು ನೆಲದ ಮೇಲೆ, ಹಗ್ಗದ ಆಚೆ. ಸಾರ್ವಜನಿಕರಿಗೆ ಪ್ರವೇಶ ಇರುವುದು ಕೊನೆಯ ದಿನಗಳಲ್ಲಿ, ಆಗ ಬಳ್ಳಾರಿ ರಸ್ತೆಯ ವಾಹನ ದಟ್ಟಣೆಯ ಕಥೆ ಹೇಳುವುದೇ ಬೇಡ. ಬಾಗಿಲು ತೆರೆಯುವ ಹೊತ್ತಿಗೆ ಒಳಗಿರಬೇಕು ಎಂದರೆ ಕತ್ತಲಿರುವಾಗಲೇ ಮನೆ ಬಿಡಬೇಕು.

ವಾಹನ ನಿಲ್ಲಿಸುವಾಗ ಒಣಹುಲ್ಲು ನೋಡಿಕೊಳ್ಳಿ. 2019ರ ಫೆಬ್ರುವರಿ 23ರಂದು ಏರೋ ಇಂಡಿಯಾ ಪಾರ್ಕಿಂಗ್‌ನಲ್ಲಿ ಬೆಂಕಿ ಬಿದ್ದು ಸುಮಾರು 300 ಕಾರುಗಳು ಸುಟ್ಟವು.

ಹೆಜ್ಜೆ 3: ಬೆಳಕಿನ ದಿಕ್ಕು ತಿಳಿಯಿರಿ

ಯಲಹಂಕದ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಫೆಬ್ರುವರಿಯಲ್ಲಿ ನಮ್ಮ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನೆ. ಹಾಗಾಗಿ ಕ್ಯಾಮೆರಾ ದಕ್ಷಿಣಕ್ಕೆ ತಿರುಗಿದರೆ ನಿಮಗೆ ಸಿಗುವುದು ವಿಮಾನದ ನೆರಳಿನ ಬದಿ. ಅಂಥ ಜಾಗ ಸಿಕ್ಕಿದರೆ ವಿಮಾನ ನೇರವಾಗಿ ಎದುರಿಗೆ ಬಂದಾಗ ತೆಗೆಯಬೇಡಿ. ತಿರುವು ತೆಗೆದುಕೊಳ್ಳಲು ವಾಲಿದಾಗ ಅದರ ಬೆನ್ನಿನ ಮೇಲೆ ಬೆಳಕು ಬೀಳುತ್ತದೆ, ಆ ಕ್ಷಣಕ್ಕೆ ಕಾಯಿರಿ. ಆ ವಾಲಿಕೆ ಯಾವ ಜಾಗದಲ್ಲಿ ಬರುತ್ತದೆ ಎಂದು ಬೆಳಗಿನ ಹಾರಾಟದಲ್ಲಿ ಗುರುತಿಟ್ಟುಕೊಂಡರೆ ಮಧ್ಯಾಹ್ನದ ಹಾರಾಟದಲ್ಲಿ ಬೆರಳು ತಾನಾಗಿ ಸಿದ್ಧವಿರುತ್ತದೆ.

ಹೆಜ್ಜೆ 4: ಕ್ಯಾಮೆರಾ ಸೆಟ್ಟಿಂಗ್

ಜೆಟ್‌ಗೆ ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕಡಿಮೆ ಬೇಡ, 1/1600 ಇದ್ದರೆ ಒಳ್ಳೆಯದು. ಅಪರ್ಚರ್ ಎಫ್/7.1 ಅಥವಾ ಎಫ್/8. ಐಎಸ್ಒ 200ರಿಂದ 400. ಫೋಕಸ್ ನಿರಂತರ ಮೋಡ್‌ನಲ್ಲಿರಲಿ. ಹೆಲಿಕಾಪ್ಟರ್ ಬಂದಾಗ ವೇಗವನ್ನು 1/200ರ ಸುತ್ತಮುತ್ತ ಇಳಿಸಿ, ಇಲ್ಲದಿದ್ದರೆ ರೆಕ್ಕೆ ನಿಂತಂತೆ ಕಂಡು ಹೆಲಿಕಾಪ್ಟರ್ ಗಾಳಿಯಲ್ಲಿ ನೇತುಬಿದ್ದ ಆಟಿಕೆಯಾಗುತ್ತದೆ. ಅದು ಹೋದ ಕೂಡಲೇ ಮತ್ತೆ ಏರಿಸಿ.

ಕರಿ ಚುಕ್ಕೆಯ ಕಾಯಿಲೆಗೆ ಮದ್ದು ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಪ್ರಕಾಶಮಾನವಾದ ಆಕಾಶ ನೋಡಿ ಕ್ಯಾಮೆರಾ ಎಲ್ಲವನ್ನೂ ಕತ್ತಲು ಮಾಡುತ್ತದೆ, ಬೂದು ಬಣ್ಣದ ವಿಮಾನ ಕಪ್ಪಾಗುತ್ತದೆ. ಆಕಾಶದ ಹಿನ್ನೆಲೆ ಇದ್ದಾಗ +0.7ರಿಂದ +1ರವರೆಗೆ ಏರಿಸಿ. ವಿಮಾನ ಕೆಳಗಿಳಿದು ಮರಗಳ ಹಿನ್ನೆಲೆಗೆ ಬಂದಾಗ ಮತ್ತೆ ಸೊನ್ನೆಗೆ ತನ್ನಿ. ರಾ ಫೈಲ್‌ನಲ್ಲಿಯೇ ತೆಗೆಯಿರಿ. ಫೋಕಸ್ ಬಿಂದುಗಳೆಲ್ಲವನ್ನೂ ತೆರೆದಿಡಬೇಡಿ, ನಡುವಿನ ಒಂದು ಗುಂಪು ಸಾಕು. ಯಲಹಂಕದ ಆಕಾಶದಲ್ಲಿ ಹದ್ದುಗಳಿಗೆ ಬರವಿಲ್ಲ. 2025ರ ಪ್ರದರ್ಶನಕ್ಕೆ ಮುಂಚೆ ವಾಯುನೆಲೆಯ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸ ಮಾರಾಟ ನಿಲ್ಲಿಸಿದ್ದು ಈ ಹಕ್ಕಿಗಳ ಕಾಟಕ್ಕೇ. ಎಲ್ಲ ಬಿಂದುಗಳನ್ನೂ ತೆರೆದಿಟ್ಟ ಕ್ಯಾಮೆರಾ ಜೆಟ್ ಬಿಟ್ಟು ಹದ್ದನ್ನು ಹಿಡಿದುಕೊಳ್ಳುವುದು ಸಾಮಾನ್ಯ.

ಇದಿಷ್ಟು ಸುಲಭದ ಭಾಗ.

ಹೆಜ್ಜೆ 5: ಝಳ ಎಂಬ ಶತ್ರು

ಉಳಿದದ್ದನ್ನೆಲ್ಲ ಮರೆತರೂ ಚಿಂತೆಯಿಲ್ಲ, ಇದನ್ನು ಮರೆಯಬೇಡಿ. ‘ಲಕ್ಷಾಂತರ ಕೊಟ್ಟು 600 ಎಂಎಂ ಲೆನ್ಸ್ ಕೊಂಡೆ, ಆದರೂ ಚಿತ್ರ ಮಸುಕು. ಲೆನ್ಸ್ ಕೆಟ್ಟಿದೆಯಾ?’ ಎಂದು ಕೇಳುವವರು ಪ್ರತಿ ಏರೋ ಇಂಡಿಯಾ ಮುಗಿದ ಮೇಲೂ ಸಿಗುತ್ತಾರೆ. ಅವರ ಚಿತ್ರ ಹಿಗ್ಗಿಸಿ ನೋಡಿದರೆ ಬಹುಪಾಲು ಸಲ ಲೆನ್ಸ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ನಡುವಿನ ಗಾಳಿ.

ಕಾದ ಹೆಂಚಿನ ಮೇಲೆ ಗಾಳಿ ನಡುಗುವುದನ್ನು ನೋಡಿದ್ದೀರಲ್ಲ, ರನ್‌ವೇ ಮೇಲೂ ನಡೆಯುವುದು ಅದೇ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲಿನ ಗಾಳಿ ಬಿಸಿಯಾಗಿ, ಹಗುರವಾಗಿ, ಸುರುಳಿ ಸುರುಳಿಯಾಗಿ ಏಳುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಎರಡೂ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ. ನಿಮ್ಮಿಂದ ವಿಮಾನದವರೆಗೆ ಇಂಥ ನೂರಾರು ಸುರುಳಿಗಳ ಮೂಲಕ ಬೆಳಕು ಹಾದು ಬರಬೇಕು. ಬರುವಷ್ಟರಲ್ಲಿ ಜಾಗ್ವಾರ್‌ನ ನೇರ ಅಂಚು ಅಲೆಅಲೆಯಾಗಿರುತ್ತದೆ, ಅದರ ಮೇಲಿನ ಸಂಖ್ಯೆ ಕರಗಿರುತ್ತದೆ.

ಇದು ಫೋಕಸ್ ತಪ್ಪೋ ಝಳವೋ ಎಂದು ಪತ್ತೆ ಮಾಡುವುದು ಕಷ್ಟವಲ್ಲ. ರನ್‌ವೇ ಆಚೆಯ ಒಂದು ಸ್ಥಿರ ವಸ್ತುವನ್ನು, ಕಂಬವನ್ನೋ ಫಲಕವನ್ನೋ, ಗುರಿಯಿಟ್ಟು ಒಂದೇ ಸಮನೆ ಹತ್ತು ಚಿತ್ರ ತೆಗೆಯಿರಿ. ಹಿಗ್ಗಿಸಿ ಒಂದೊಂದಾಗಿ ನೋಡಿ. ಹತ್ತರಲ್ಲೂ ಒಂದೇ ರೀತಿ ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಕಂಬ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಬಾಗಿದ್ದರೆ ಅದು ಝಳ. ಫೋಕಸ್ ತಪ್ಪಿದ ಚಿತ್ರದಲ್ಲಿ ಮುಂದೆಯೋ ಹಿಂದೆಯೋ ಏನಾದರೊಂದು ಚೂಪಾಗಿ ಕಾಣುತ್ತದೆ. ಝಳದ ಚಿತ್ರದಲ್ಲಿ ದೂರದ ಎಲ್ಲವೂ ಕದಡಿರುತ್ತದೆ.

ಶಟರ್ ವೇಗವನ್ನು 1/4000ಕ್ಕೆ ಏರಿಸಿದರೂ ಪ್ರಯೋಜನವಿಲ್ಲ, ಸೊಟ್ಟಗಾದ ಬೆಳಕನ್ನು ಇನ್ನಷ್ಟು ಬೇಗ ಸೆರೆಹಿಡಿದಂತಾಯಿತು ಅಷ್ಟೆ. ಟ್ರೈಪಾಡ್ ಕೆಲಸಕ್ಕೆ ಬಾರದು. ಕಂಪ್ಯೂಟರ್‌ನಲ್ಲಿ ಶಾರ್ಪ್ ಮಾಡಿದರೆ ಅಲೆಗಳೇ ಶಾರ್ಪ್ ಆಗುತ್ತವೆ. ಇನ್ನೂ ದೊಡ್ಡ ಲೆನ್ಸ್ ಕೊಂಡರೆ ಝಳ ಇನ್ನೂ ದೊಡ್ಡದಾಗಿ ಕಾಣುತ್ತದೆ. ಅಂಗಡಿಯವರು ಈ ಮಾತು ಹೇಳುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

- ನೆಲದ ಮೇಲಿನ ವಿಮಾನಗಳನ್ನು ಬೆಳಿಗ್ಗೆಯೇ ಮುಗಿಸಿ. ಕಾಂಕ್ರೀಟ್ ಕಾಯಲು ಸಮಯ ಬೇಕು. ಬೆಳಗಿನ ಮೊದಲ ಗಂಟೆಗಳಲ್ಲಿ ಸಿಕ್ಕುವ ಸ್ಪಷ್ಟತೆ ಹನ್ನೊಂದರ ಮೇಲೆ ಸಿಗದು.
- ಮಧ್ಯಾಹ್ನ ಲೆನ್ಸ್ ಮೇಲಕ್ಕೆತ್ತಿ. ರನ್‌ವೇ ಮೇಲೆ ಓಡುವ ವಿಮಾನವನ್ನು ಬಿಟ್ಟುಬಿಡಿ. ತಲೆಯ ಮೇಲೆ ಹಾದುಹೋಗುವ ವಿಮಾನಕ್ಕೆ ಝಳದ ಪದರ ತೆಳು.
- ಹತ್ತಿರವಿದ್ದರಷ್ಟೇ ತೆಗೆಯಿರಿ. 200 ಎಂಎಂನಲ್ಲಿ ಚೌಕಟ್ಟು ತುಂಬುವ ವಿಮಾನ, 600 ಎಂಎಂನಲ್ಲಿ ತುಂಬುವ ವಿಮಾನಕ್ಕಿಂತ ಚೂಪಾಗಿ ಬರುತ್ತದೆ.
- ನಿಂತ ಜಾಗದ ನೆಲ ನೋಡಿ. ಎದುರಿಗೆ ಡಾಂಬರಿಗಿಂತ ಹುಲ್ಲು ಮೇಲು. ಎದುರಿಗೆ ಕಾರುಗಳ ಸಾಲಿದ್ದರೆ ಬಾನೆಟ್‌ಗಳ ಝಳವೂ ಸೇರುತ್ತದೆ.
- ಏಸಿ ಕಾರಿನಿಂದ ಲೆನ್ಸ್ ತೆಗೆದ ಕೂಡಲೇ ಕ್ಲಿಕ್ಕಿಸಬೇಡಿ. ತಣ್ಣನೆ ಲೆನ್ಸ್, ಬಿಸಿ ಗಾಳಿ ಸೇರಿ ಲೆನ್ಸ್ ಹುಡ್ ಒಳಗೇ ಪುಟ್ಟ ಝಳ ಹುಟ್ಟುತ್ತದೆ. ಅರ್ಧ ಗಂಟೆ ಹೊರಗಿಡಿ.
- ಮೋಡ ಕವಿದರೆ ಬೇಸರಿಸಬೇಡಿ. ಆಕಾಶ ಸಪ್ಪೆಯಾದರೂ ನೆಲದ ಮೇಲಿನ ಚಿತ್ರಗಳಿಗೆ ಅದು ವರ.

ಜೆಟ್‌ನ ಹಿಂಬದಿಯಿಂದ ತೆಗೆದಾಗ ಎಂಜಿನ್ ಬೆಂಕಿಯ ಸುತ್ತ ಕಾಣುವ ನಡುಕ ಬೇರೆ ಮಾತು. ಅದು ಚಂದ, ಅದನ್ನು ಬೇಕೆಂದೇ ತೆಗೆಯಬಹುದು. ಹಳೆಯ ಮಿಗ್-29ರ ಕಪ್ಪು ಹೊಗೆಯೂ ಹಾಗೆಯೇ. ಹೊಸ ವಿಮಾನಗಳಲ್ಲಿ ಅದು ಸಿಗುವುದಿಲ್ಲ, ಕಂಪ್ಯೂಟರ್‌ನಲ್ಲಿ ಒರೆಸಬೇಡಿ.

ಹೆಜ್ಜೆ 6: ನಿಲ್ಲಿಸಿದ ವಿಮಾನಕ್ಕೆ ಹೆಚ್ಚು ಹೊತ್ತು ಕೊಡಿ

ಇಲ್ಲಿ ದೊಡ್ಡ ಲೆನ್ಸ್ ಬೇಡ, ಮೊಬೈಲ್ ಸಾಕು. ಮೊದಲು ಇಡೀ ವಿಮಾನ, ಮೂಗಿನ ಕಡೆಯಿಂದ ಓರೆಯಾಗಿ. ಆಮೇಲೆ ಬದಿಯಿಂದ. ಮಂಡಿಯೂರಿ ಕ್ಯಾಮೆರಾ ಕೆಳಗಿಳಿಸಿದರೆ ಹಿಂದಿನ ಮಳಿಗೆ, ಜನ, ಬ್ಯಾನರ್ ಅರ್ಧಕ್ಕರ್ಧ ಮರೆಯಾಗುತ್ತವೆ.

ಅನಂತರ ಆ ವಿಮಾನಕ್ಕೇ ವಿಶಿಷ್ಟವಾದದ್ದನ್ನು ಹುಡುಕಿ. ಜಾಗ್ವಾರ್‌ನಲ್ಲಿ ರೆಕ್ಕೆಯ ಮೇಲ್ಭಾಗದಲ್ಲಿ ಕ್ಷಿಪಣಿ ಕೂರಿಸುವ ಕೊಂಡಿ ಇರುತ್ತದೆ. ಉಳಿದ ಯುದ್ಧವಿಮಾನಗಳಲ್ಲಿ ಅದು ರೆಕ್ಕೆಯ ಕೆಳಗೋ ತುದಿಗೋ ಇರುವುದೇ ರೂಢಿ. ಮೂಗು ಉಳಿಯಂತೆ ಚಪ್ಪಟೆಯಾಗಿದ್ದರೆ ಅದು ಲೇಸರ್ ಉಪಕರಣಕ್ಕೆ ಮಾಡಿದ ಮೂಗು. ಒಂಟಿ ಆಸನದ ವಿಮಾನದಲ್ಲಿ ಮೂಗು ದುಂಡಗಿದ್ದರೆ ಒಳಗೆ ರಾಡಾರ್ ಇದೆ. ವಿಮಾನದ ಮೇಲಿನ ಸಂಖ್ಯೆ ‘ಜೆಎಸ್’ನಿಂದ ಶುರುವಾದರೆ ಒಂಟಿ ಆಸನ, ‘ಜೆಟಿ’ ಜೋಡಿ ಆಸನ, ‘ಜೆಎಂ’ ಸಮುದ್ರದ ಮೇಲಿನ ಕೆಲಸಕ್ಕೆ ಮೀಸಲು. ಈ ಸಂಖ್ಯೆ ಓದುವಂತೆ ಒಂದು ಚಿತ್ರ ಬೇಕೇ ಬೇಕು. ಮುಂದೊಂದು ದಿನ ಆ ವಿಮಾನ ಯಾವುದೋ ಊರಿನ ವೃತ್ತದಲ್ಲಿ ಕಂಬದ ಮೇಲೆ ನಿಂತಾಗ, ಹೊಸ ಬಣ್ಣದಡಿ ಗುರುತೆಲ್ಲ ಮುಚ್ಚಿಹೋದಾಗ, ಸೇವೆಯಲ್ಲಿದ್ದಾಗ ಹೇಗಿತ್ತು ಎಂದು ಹೇಳುವುದು ನಿಮ್ಮ ಚಿತ್ರವೇ. ಅದಕ್ಕೇ ಸವೆದ ಬಣ್ಣ, ಎಣ್ಣೆ ಕಲೆ, ತೇಪೆ ಹಾಕಿದ ಜಾಗ, ಸ್ಕ್ವಾಡ್ರನ್ ಲಾಂಛನ ಇವನ್ನೂ ಬಿಡಬೇಡಿ. ನಮ್ಮವರು ಮಾತ್ರ ವಿಮಾನಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದು ಮುಂದೆ ಹೋಗುತ್ತಾರೆ.

ಪಕ್ಕದಲ್ಲಿ ವಾಯುಪಡೆಯ ಸಿಬ್ಬಂದಿ ಇರುತ್ತಾರೆ. ನಮಸ್ಕಾರ ಹೇಳಿ ಮಾತಾಡಿಸಿ. ಆ ವಿಮಾನದ ಜೊತೆಯೇ ಕೂದಲು ನರೆತವರು ಸಿಕ್ಕರೆ ಅದೃಷ್ಟ. ಕಾಕ್‌ಪಿಟ್ ಚಿತ್ರ ಕೇಳದೆ ತೆಗೆಯಬೇಡಿ. ‘ಬೇಡ’ ಎಂದರೆ ವಾದ ಬೇಡ.

ಹೆಜ್ಜೆ 7: ಮನೆಗೆ ಬಂದ ಮೇಲೆ

ಜಾಗ ಕಡಿಮೆ ಇದೆ, ಚುಟುಕಾಗಿ ಹೇಳುತ್ತೇನೆ. ಅದೇ ರಾತ್ರಿ ಎರಡು ಪ್ರತಿ ಮಾಡಿ, ಎರಡೂ ಒಂದೇ ಡಿಸ್ಕ್‌ನಲ್ಲಿ ಬೇಡ. ಫೈಲ್ ಹೆಸರಿನಲ್ಲಿ ದಿನಾಂಕ, ಸ್ಥಳ, ವಿಮಾನದ ಸಂಖ್ಯೆ ಇರಲಿ. ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ಮಿರಾಜ್ ಯಾವುದು, ಎಲ್ಲಿಯದು ಎಂದು ನಿಮಗೇ ತಿಳಿಯದು. ಝಳದ ಚಿತ್ರಗಳನ್ನು ಮುಲಾಜಿಲ್ಲದೆ ಅಳಿಸಿ.

ಅಭ್ಯಾಸಕ್ಕೆ ಈಗಿನಿಂದಲೇ ಎರಡು ಜಾಗ: ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿರುವ, 1961ರಲ್ಲಿ ಮೊದಲು ಹಾರಿದ ಮಾದರಿಯ ಮರುತ್ ಯುದ್ಧವಿಮಾನ, ಮತ್ತು ಹಳೆಯ ವಿಮಾನಗಳು ಸಾಲಾಗಿ ಇರುವ ಎಚ್ಎಎಲ್ ಮ್ಯೂಸಿಯಂ. ಚಲಿಸುವ ಗುರಿಯ ಅಭ್ಯಾಸಕ್ಕೆ ನಿಮ್ಮ ತಾರಸಿಯ ಮೇಲಿನ ಹದ್ದುಗಳೇ ಸಾಕು. ಬಾಡಿಗೆ ಲೆನ್ಸ್ ತರುವವರು ಪ್ರದರ್ಶನಕ್ಕೆ ಎರಡು ದಿನ ಮೊದಲೇ ತಂದು ಕೈ ಪಳಗಿಸಿಕೊಳ್ಳಿ. ಅವತ್ತು ಬೆಳಿಗ್ಗೆ ಯಲಹಂಕದ ಸರದಿ ಸಾಲಿನಲ್ಲಿ ನಿಂತು ಗುಂಡಿ ಎಲ್ಲಿದೆ ಎಂದು ಹುಡುಕುವುದು ಬೇಡ.